ಒಡ್ಡಿನ ಮೇಲಿನ ಹೆಜ್ಜೆ

ಆ ಹೆಜ್ಜೆಗುರುತುಗಳನ್ನು ಒರೆಸಿದ ಮೇಲೆ ನಿಕಾಸಿಯೊ ವೆರಾನಿಗೆ ತನ್ನ ಬಲಗಾಲು ತನ್ನದಲ್ಲ ಅನ್ನಿಸಿತು. ಯಾರೂ ನೋಡಿರಲಿಲ್ಲ. ಸಾರ್ಜೆಂಟ್ ಓಯೋಲಾ ಒಡ್ಡಿನ ಆ ತುದಿಯಲ್ಲಿ ನಿಂತು, ರಾತ್ರಿ ಕುದುರೆ ಹೊಡೆದುಕೊಂಡು ಹೋದವರ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡು ಬೈಯುತ್ತಿದ್ದ. ಲೆಫ್ಟಿನೆಂಟ್ ಲೆದೆಸ್ಮಾ ಖಾಲಿ ಲಾಯದ ಎದುರು, ಹಚ್ಚಲು ಮರೆತ ಚುಟ್ಟಾ ಬಾಯಲ್ಲಿಟ್ಟುಕೊಂಡು ನಿಂತಿದ್ದರು. ಹೆಜ್ಜೆಗಳು ಇದ್ದದ್ದು ಒಡ್ಡಿನ ಒಳಮಗ್ಗುಲಲ್ಲಿ, ಎತ್ತರದ ಹುಲ್ಲಿನ ಪೊದೆಯೊಂದರ ಮರೆಯಲ್ಲಿ. ಎರಡೇ ಹೆಜ್ಜೆ, ಗೊರಸುಗಳ ತುಳಿತದಿಂದ ಹೇಗೋ ತಪ್ಪಿಸಿಕೊಂಡವು: ಒಂದು ಒಡ್ಡಿನ ಕಡೆಗೆ ಹೋದದ್ದು, ಒಂದು ಮರಳಿದ್ದು. ಎರಡೂ ಎಡಗಾಲಿನವು, ಹಿಮ್ಮಡಿ ಸ್ವಲ್ಪ ಒಳಕ್ಕೆ ತಿರುಗಿತ್ತು, ಅದರ ಹೊರಬದಿಯಲ್ಲಿ ಅಡ್ಡ ಕೊಯ್ದ ಗುರುತಿತ್ತು. ಆ ಕೊಯ್ತ ಅವನ ಚಾಕುವಿನದೇ. ತನ್ನ ಹಳೆಯ ಬೂಟಿನ ಅಟ್ಟೆ ಕತ್ತರಿಸಿ ಹೆಂಡತಿ ತೊಮಾಸಾಳಿಗೆ ಚಪ್ಪಲಿ ಮಾಡಿಕೊಡುವಾಗ ಚಾಕು ಜಾರಿತ್ತು. ಇರಲಿ ಬಿಡು, ನಾನೆಲ್ಲಾದರೂ ಕಳೆದುಹೋದರೆ ಹುಡುಕೋಕೆ ಸುಲಭ ಎಂದು ಅವಳು ನಕ್ಕಿದ್ದಳು.

ಒರೆಸುವಾಗ ಅವನು ಯೋಚಿಸಲೇ ಇಲ್ಲ. ಕಾಲು ತಾನಾಗಿ ಮುಂದೆ ಹೋಗಿ ಎರಡರ ಮೇಲೂ ಆಡಿ ಹಿಂದಕ್ಕೆ ಬಂತು. ಬುದ್ಧಿ ಬಂದಾಗಿನಿಂದ ಹೆಜ್ಜೆ ಹುಡುಕಿದವನು ಅವನು, ಒಂದನ್ನೂ ಅಳಿಸಿದವನಲ್ಲ. ಈಗ ಅಳಿಸಿದ ಜಾಗವೇ ಎದ್ದು ಕಾಣುತ್ತಿತ್ತು, ಕನಿಷ್ಠ ಅವನ ಕಣ್ಣಿಗೆ. ಇನ್ನೊಬ್ಬ ಜಾಡು ನೋಡುವವನು ಇಲ್ಲಿದ್ದಿದ್ದರೆ, ಇಲ್ಲಿ ಒಬ್ಬ ಹೆದರಿದ ಗಂಡಸು ನಿಂತಿದ್ದ, ಮೈಭಾರವನ್ನೆಲ್ಲ ಎಡಗಾಲ ಮೇಲೆ ಹಾಕಿದ್ದ ಎಂದು ಹೇಳಿಬಿಡುತ್ತಿದ್ದ. ಪುಣ್ಯಕ್ಕೆ ಈ ಕೋಟೆಗೆ ಇದ್ದವನು ಅವನೊಬ್ಬನೇ. ಪುಣ್ಯಕ್ಕೆ ಎಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಹೋಗುವಾಗ ಹೆಜ್ಜೆ ಹಗುರ, ಬರುವಾಗ ಭಾರ. ಅಳಿಸಿದರೂ ಅದು ತಲೆಯಲ್ಲಿ ಹಾಗೇ ಉಳಿದಿತ್ತು. ಬರುವಾಗ ಹಿಮ್ಮಡಿ ಆಳಕ್ಕಿಳಿದಿತ್ತು, ಬೆರಳುಗಳು ಮಣ್ಣನ್ನು ಕಚ್ಚಿ ಹಿಡಿದಿದ್ದವು. ಏನು ಹೊತ್ತು ತಂದಳು? ಯಾರು ಕೊಟ್ಟರು? ಒಡ್ಡಿನ ಆಚೆ ಇರುವುದು ಕಂದಕ. ಕಂದಕದ ಆಚೆ ಬಯಲು, ಬಯಲಿನ ಆಚೆಯೂ ಬಯಲೇ. ರಾಜಧಾನಿ ಬ್ಯೂನಸ್ ಐರಿಸ್‌ನ ದೊಡ್ಡವರು ನಕ್ಷೆಯ ಮೇಲೆ ಗೆರೆ ಎಳೆದು ಕಳಿಸಿದ್ದರು, ಇವರು ಅದನ್ನು ಗುದ್ದಲಿಯಿಂದ ತಿದ್ದಿದ್ದರು. ಕಣ್ಣು ಸೋಲುವವರೆಗೂ ಗುಂಡಿ, ಗುಂಡಿಯಿಂದೆತ್ತಿದ ಮಣ್ಣು ಈಚೆ ದಂಡೆಗೆ, ಅದರ ಮೇಲೆ ಬೇರುಸಮೇತ ಕೊಯ್ದ ಹುಲ್ಲುಹೆಂಟೆಗಳನ್ನು ಮಗುಚಿ ಇಟ್ಟಿಗೆಯಂತೆ ಕಟ್ಟಿದ ಒಡ್ಡು. ನಡುನಡುವೆ ಇಂಥ ದುಂಡನೆಯ ಮಣ್ಣುಕೋಟೆಗಳು, ಅವುಗಳಲ್ಲಿ ಒಂದು ಕಾವಲಿನ ಅಟ್ಟಣೆ, ಒಂದು ಲಾಯ, ಸಂಬಳ ಯಾವಾಗ ಬರುತ್ತದೆಂದು ಕೇಳುವುದನ್ನೇ ಬಿಟ್ಟಿರುವ ಸಿಪಾಯಿಗಳು, ಅವರ ಹೆಂಗಸರು. ಆ ಕಡೆಯವರೆಂದರೆ ಈ ಬಯಲು ತಮ್ಮ ಅಜ್ಜಂದಿರದು ಎನ್ನುವ ಪಾಂಪಾದ ಜನ. ಅವರು ಹಾಗೆನ್ನುವುದರಲ್ಲಿ ತಪ್ಪೇನೂ ಕಾಣದ ನಿಕಾಸಿಯೊ, ಆದರೂ ದಿನಾ ಬೆಳಿಗ್ಗೆ ಅವರ ಗೊರಸಿನ ಗುರುತು ಹುಡುಕಿಕೊಂಡು ಒಡ್ಡಿನುದ್ದಕ್ಕೂ ನಡೆಯುತ್ತಿದ್ದ. ಸಂಜೆ ಹೇಸರಗತ್ತೆಗೆ ಮುಳ್ಳಿನ ಕೊಂಬೆ ಕಟ್ಟಿ ಒಡ್ಡಿನ ಬುಡದಲ್ಲಿ ಎಳೆಸಿದರೆ ಮಣ್ಣು ಬಾಚಿದ ತಲೆಯಂತೆ ನುಣ್ಣಗಾಗುತ್ತಿತ್ತು. ರಾತ್ರಿ ಯಾರು ದಾಟಿದರೂ ಬೆಳಿಗ್ಗೆ ಅವನಿಗೆ ತಿಳಿಯಬೇಕು. ಅದಕ್ಕೇ ಅವನಿಗೆ ಅನ್ನ ಹಾಕುತ್ತಿದ್ದದ್ದು.

"ಏನಪ್ಪಾ ದೋನ್ ನಿಕಾಸಿಯೊ, ಮಣ್ಣು ಏನಂತೆ?" ಲೆಫ್ಟಿನೆಂಟ್ ಹತ್ತಿರ ಬಂದರು. ಅವರ ಕಣ್ಣು ಊದಿಕೊಂಡಿದ್ದವು. ಕುದುರೆಯಿಲ್ಲದ ಕೋಟೆಯೆಂದರೆ ಕಾಲಿಲ್ಲದ ಮನುಷ್ಯ. ಈ ವಾರವೇ ದಂಡಿನ ಮುಖ್ಯಸ್ಥರು ನೋಡಲು ಬರುವವರಿದ್ದರು.

"ಆ ಕಡೆಯವ್ರೇ, ಸಾಹೇಬ್ರೇ. ಲಾಳ ಇಲ್ದಿರೋ ಕುದುರೆ. ಇಲ್ಲೇ ನುಗ್ಗಿ, ಇಲ್ಲೇ ಹೊಡ್ಕೊಂಡು ಹೋಗಿದಾರೆ."

"ಅದು ನನಗೂ ಕಾಣುತ್ತಯ್ಯ. ಇಷ್ಟುದ್ದ ಒಡ್ಡು ಬಿಟ್ಟು ಇಲ್ಲೇ ಯಾಕೆ ನುಗ್ಗಿದ್ರು? ನೋಡು, ಹೊರಗಿನ ಮುಖ ನೆಟ್ಟಗಿತ್ತು, ಒಳಗಡೆಯಿಂದ ಯಾರೋ ಹೆಂಟೆ ಕಿತ್ತು ಕಿತ್ತು ಟೊಳ್ಳು ಮಾಡಿದಾರೆ. ಅವರು ಒಂದು ಸಲ ತಳ್ಳಿದ್ರು, ಮಣ್ಣೆಲ್ಲ ಕಂದಕಕ್ಕೆ ಬಿದ್ದು ಒಳ್ಳೇ ಇಳಿಜಾರು ಆಯ್ತು. ಮದುವೆ ದಿಬ್ಬಣದ ಥರ ಹೋಗಿದಾರೆ ಸೂಳೇಮಕ್ಕಳು. ಒಳಗಿನವನು ಯಾವನೋ ಒಬ್ಬ ಇದಾನೆ. ಯಾರು?"

ಅವನು ಮಾತಾಡಲಿಲ್ಲ. ಮಾತಾಡದಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಅವನು ಎಂದೂ ಮಾತಾಡಿದವನಲ್ಲ. ಅವರ ಮನೆತನದಲ್ಲಿ ಜಾಡು ನೋಡುವವರು ಹೆಸರು ಹೇಳುವ ಪದ್ಧತಿ ಇರಲಿಲ್ಲ. ಹೆಸರು ಬಾಯಿಂದ ಬಂದರೆ ವಾದ ಶುರುವಾಗುತ್ತೆ ಕಣೋ ಎನ್ನುತ್ತಿದ್ದ ಅಪ್ಪ, ಸಾನ್ ಲೂಯಿಸ್‌ನ ಗುಡ್ಡದಲ್ಲಿ ಕದ್ದ ಹೇಸರಗತ್ತೆಯೊಂದರ ಜಾಡು ಹಿಡಿದು ದಿನಗಟ್ಟಲೆ ನಡೆದು, ಕೊನೆಗೆ ಸಂತೆಯ ನಡುವೆ ಒಬ್ಬನ ಎದುರು ನಿಂತು ಸುಮ್ಮನೆ ಗದ್ದ ಎತ್ತಿದ್ದ. ಅಷ್ಟೇ. ಗದ್ದ ಎತ್ತಿದ ಮೇಲೆ ನ್ಯಾಯಾಧೀಶರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ, ಕದ್ದವನೂ ಅಲ್ಲವೆನ್ನುತ್ತಿರಲಿಲ್ಲ. ಆ ಸಂತೆಯಲ್ಲಿ ಅಪ್ಪನ ಬೆನ್ನ ಹಿಂದೆ ನಿಂತಿದ್ದಾಗ ಮೈಯೆಲ್ಲ ಜುಮ್ಮೆಂದದ್ದು ಅವನಿಗೆ ಇನ್ನೂ ನೆನಪಿದೆ. ಇಡೀ ಸಂತೆ ಒಬ್ಬ ಚಿಂದಿ ಬಟ್ಟೆಯವನ ಗದ್ದ ನೋಡುತ್ತ ಉಸಿರು ಬಿಗಿಹಿಡಿದಿತ್ತು. ತನಗೂ ಅದೇ ಬೇಕು ಎಂದು ಅವನಿಗೆ ಆಗಲೇ ಅನಿಸಿತ್ತು, ಸತ್ಯ ಬೇಕು ಎಂದಲ್ಲ.

ಗೊತ್ತಾಗಲಿಲ್ಲ ಅಂದುಬಿಡಬೇಕು. ವಯಸ್ಸಾಯಿತು, ಕಣ್ಣು ಮಂಜು, ಗೊರಸು ಎಲ್ಲವನ್ನೂ ಕಲಸಿಬಿಟ್ಟಿದೆ. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಲು ಲೆಫ್ಟಿನೆಂಟ್ ಹೇಳಿದಾಗ, ಸಾಲಿನ ಮುಂದೆ ನಡೆಯುತ್ತ ಅವನು ಈ ಮಾತನ್ನೇ ಬಾಯೊಳಗೆ ಹೊರಳಿಸುತ್ತಿದ್ದ. ಸಿಪಾಯಿಗಳು ಒಂದು ಕಡೆ, ಹೆಂಗಸರು ಗುಡಿಸಲುಗಳ ಮುಂದೆ ಇನ್ನೊಂದು ಕಡೆ. "ಬೇಗ ಮೂಸಿ ಹೇಳಿ ಅಜ್ಜಾ, ಹೊಟ್ಟೆ ಹಸೀತಾ ಇದೆ" ಎಂದು ಯಾವನೋ ಅಂದ, ಒಂದಿಬ್ಬರು ನಕ್ಕರು, ಅವನು ಹತ್ತಿರ ಬಂದಂತೆ ನಗು ನಿಂತಿತು. ಅವನು ನಡೆಯುತ್ತಿದ್ದರೆ ಒಬ್ಬೊಬ್ಬರೂ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ಇದು ಅವನಿಗೆ ಇಷ್ಟವಾಗುತ್ತಿತ್ತು. ಹೆಂಗಸರ ಗುಂಪಿನಲ್ಲಿ ತೊಮಾಸಾ ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ನಿಂತಿದ್ದಾಳೆ ಎಂಬುದು ಕಣ್ಣಂಚಿಗೆ ಗೊತ್ತಾಯಿತು. ಅವಳನ್ನು ನೋಡಬಾರದು. ನೋಡಿದರೆ ಮುಖವೇ ಹೇಳಿಬಿಡುತ್ತದೆ. ಅವನು ಕತ್ತನ್ನು ಪಟ್ಟನೆ ಈಚೆಗೆ ತಿರುಗಿಸಿ, ಮುಖ ಮೇಲೆತ್ತಿ, ಅಟ್ಟಣೆಯ ತುದಿಯಲ್ಲಿ ಕೂತಿದ್ದ ಹದ್ದಿನ ಕಡೆ ನೋಡಿದ.

ಅಂಗಳವೆಲ್ಲ ಒಂದೇ ಸಲ ಉಸಿರುಬಿಟ್ಟಿತು. ಅವನು ಕೆಳಗೆ ನೋಡಿದಾಗ, ಗದ್ದ ಎತ್ತಿದ ನೇರಕ್ಕೇ, ಎದುರಿಗೆ ಬತ್ತಿಸ್ತಾ ನಿಂತಿದ್ದ. ಬತ್ತಿಸ್ತಾ ಇಟಲಿಯ ಜೆನೋವಾದಿಂದ ಕಂದಕ ಅಗೆಯಲು ಬಂದು, ಅಗೆತ ಮುಗಿದರೂ ಹೋಗಲು ಕಾಸಿಲ್ಲದೆ ಇಲ್ಲೇ ಉಳಿದವನು; ಎಲ್ಲರ ಬಾಯಲ್ಲೂ ಗ್ರಿಂಗೊ, ಪರದೇಶಿ. ಹಳೆ ಡಬ್ಬದಲ್ಲಿ ತುಳಸಿಯಂಥ ಒಂದು ಗಿಡ ಬೆಳೆಸಿ ಸಾರಿಗೆ ಹಾಕಿಕೊಂಡು ತಿನ್ನುತ್ತಿದ್ದ. ನಾನು ಮಣ್ಣು ಅಗೆಯೋನು, ನೀನು ಮಣ್ಣು ಓದೋನು, ನಾವಿಬ್ರೂ ಮಣ್ಣಿನ ಬೀಗರು ಎಂದು ನಿಕಾಸಿಯೊನನ್ನು ಕಂಡಾಗೆಲ್ಲ ಅನ್ನುತ್ತಿದ್ದ. ಸಾರ್ಜೆಂಟ್ ಓಯೋಲಾ ಆಗಲೇ ಅವನ ಕೊರಳಪಟ್ಟಿ ಹಿಡಿದಾಗಿತ್ತು. ಅಲ್ಲ, ನಾನು ಇವನನ್ನು ತೋರಿಸಲಿಲ್ಲ ಎಂದು ಹೇಳಲು ನಿಕಾಸಿಯೊ ಬಾಯಿ ತೆರೆದ. ಹಾಗಾದರೆ ಯಾರು ಎಂದು ಕೇಳುತ್ತಾರೆ ಎಂಬುದು ಹೊಳೆದು ಬಾಯಿ ಹಾಗೇ ಮುಚ್ಚಿಕೊಂಡಿತು.

ಬತ್ತಿಸ್ತಾ ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ಯೆ ಮರಿಯಾಳ ಮೇಲೆ ಆಣೆ ಹಾಕಿದ್ದರೆ, ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ. ಅವನು ಸುಮ್ಮನೆ ತಲೆ ಬಗ್ಗಿಸಿ ತನ್ನ ಬೂಟುಗಳನ್ನು ನೋಡಿಕೊಂಡ. ಒಂದು ಕಾಲನ್ನೆತ್ತಿ ಅಟ್ಟೆಯನ್ನೂ ನೋಡಿದ.

"ನಾನಾ, ದೋನ್ ನಿಕಾಸಿಯೊ?" ಎಂದ. "ಯಾವಾಗ?"

ಅವನು ನಿಜವಾಗಿಯೂ ಕೇಳುತ್ತಿದ್ದ.

"ಬಾರು ನೆನೆಹಾಕ್ರೋ" ಎಂದರು ಲೆಫ್ಟಿನೆಂಟ್. "ನೆನೆಯೋವರೆಗೂ ಅಟ್ಟಣೆ ಕಂಬಕ್ಕೆ ಕಟ್ಟಿ. ಆಮೇಲೆ ಗೂಟಕ್ಕೆ ಹಾಕಿ. ಯಾರ ಜೊತೆ ವ್ಯಾಪಾರ ಮಾಡ್ದ, ಏನು ಕೊಟ್ರು, ಎಲ್ಲ ಬೊಗಳಲಿ. ಬೊಗಳಲಿಲ್ವಾ, ನಾಳೆ ಬೆಳಿಗ್ಗೆ ಗುಂಡು. ದ್ರೋಹ ಇದು."

ನೆಲಕ್ಕೆ ನಾಲ್ಕು ಗೂಟ ಹೊಡೆದು, ನೆನೆದ ಹಸಿಚರ್ಮದ ಬಾರಿನಿಂದ ಕೈಕಾಲು ಬಿಗಿದು ಬಿಸಿಲಿಗೆ ಮಲಗಿಸುವುದು. ಬಾರು ಒಣಗುತ್ತ ಒಣಗುತ್ತ ಕುಗ್ಗಿ ಕೀಲುಗಳನ್ನು ಎಳೆಯುತ್ತದೆ. ಹೆಂಗಸರಿಗೆ ಗೂಟವಿಲ್ಲ. ಹೆಂಗಸರನ್ನು ಕೋಟೆಯ ಬಾಗಿಲಾಚೆ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ, ಅಷ್ಟೇ. ಆಮೇಲೆ ಬಯಲುಂಟು, ಅವರುಂಟು. ತೊಮಾಸಾಳನ್ನು ಆ ಬಾಗಿಲಾಚೆ ಕಲ್ಪಿಸಿಕೊಳ್ಳಲು ಅವನಿಂದ ಆಗಲಿಲ್ಲ. ಕಲ್ಪಿಸಿಕೊಳ್ಳಹೋದಾಗೆಲ್ಲ ಅವಳು ಒಬ್ಬಳೇ ಇರುತ್ತಿರಲಿಲ್ಲ, ಅದೇ ತೊಂದರೆ. ಒಬ್ಬ ಕುದುರೆಯವನು ಕಾದಿರುತ್ತಿದ್ದ, ಹೆಗಲಿಗೆ ಕಹಳೆ ತೂಗುಹಾಕಿಕೊಂಡು.

ಲೂಸೆರೊ ಕಹಳೆ ಊದುವವನಾಗಿದ್ದ. ತೊಮಾಸಾ ಈ ಕೋಟೆಗೆ ಬಂದದ್ದು ಅವನ ಜೊತೆ. ಒಂದು ಬೆಳಿಗ್ಗೆ ಎಬ್ಬಿಸುವ ಕಹಳೆ ಕೇಳಲಿಲ್ಲ, ಎಲ್ಲರೂ ಎದ್ದು ನೋಡಿದರೆ ಅವನಿರಲಿಲ್ಲ. ಜಾಡು ನೋಡಿ ಬಂದ ನಿಕಾಸಿಯೊನೇ ಗದ್ದವನ್ನು ಪಡುವಣದ ಕಡೆ ಎತ್ತಿದ್ದ, ಆ ಕಡೆಯವರ ಕಡೆ. ಆಮೇಲೆ ತೊಮಾಸಾ ಒಂದು ಗಂಟು, ಒಂದು ಕಬ್ಬಿಣದ ಕೆಟಲು ಎತ್ತಿಕೊಂಡು ನಿಕಾಸಿಯೊನ ಗುಡಿಸಲಿಗೆ ಬಂದು, "ಒಬ್ಳೇ ಇದ್ರೆ ಇವ್ರು ಬಿಡಲ್ಲ. ನೀನು ಮುದುಕ, ನಿನ್ನ ಕಂಡ್ರೆ ಹೆದರ್ತಾರೆ. ಇರ್ಲಾ?" ಎಂದು ಕೇಳಿದ್ದಳು. ಇರು ಎಂದಿದ್ದ. ಇಷ್ಟು ಕಾಲವಾದರೂ ಅವನು ಲೂಸೆರೊನ ಮಾತು ತೆಗೆದಿರಲಿಲ್ಲ. ಅದನ್ನು ದೊಡ್ಡತನ ಎಂದೇ ಅವನು ತಿಳಿದಿದ್ದ. ಪಾತ್ರೆ ತಿಕ್ಕುವಾಗ ಅವಳು ಒಮ್ಮೊಮ್ಮೆ ಎಬ್ಬಿಸುವ ಕಹಳೆಯ ರಾಗವನ್ನು ಗುನುಗುತ್ತಿದ್ದಳು, ಕೋಟೆಯಲ್ಲಿರುವ ಎಲ್ಲರೂ ಗುನುಗುವ ರಾಗವೇ ಅದು. ಆದರೆ ಅವಳು ಗುನುಗಿದಾಗ ಮಾತ್ರ ಅವನು ಎದ್ದು ಹೊರಗೆ ಹೋಗುತ್ತಿದ್ದ. ಹಗುರವಾಗಿ ಹೋಗಿ ಭಾರವಾಗಿ ಬಂದ ಹೆಜ್ಜೆ. ಬೆಳ್ಳಿಯ ಸಾಮಾನೇ? ಸಕ್ಕರೆ ಚೀಲವೇ? ಅಥವಾ ಹೆಣ್ಣಿನ ಮೈಯೇ ಭಾರವಾಗುವ ಬೇರೆ ರೀತಿಗಳಿವೆ. ಛೇ, ಒಂದು ಸಂಜೆಯಲ್ಲಿ ಹಾಗೆ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಷ್ಟು ಕೆಳಗಿಳಿದೆನಲ್ಲ ಎಂದು ಹಲ್ಲು ಕಚ್ಚಿದ.

ಅವನು ಬಾವಿಯ ಹತ್ತಿರ ಹೋದ, ಬಾಯಾರಿಕೆ ಇರಲಿಲ್ಲ. ಲಾಯದ ಹತ್ತಿರ ಹೋದ, ಕುದುರೆಗಳಿರಲಿಲ್ಲ. ಒಡ್ಡು ಕುಸಿದ ಕಡೆಗೆ ಹೋದರೆ ಆಗಲೇ ಇಬ್ಬರು ಸಿಪಾಯಿಗಳು ಗುದ್ದಲಿ ಹಿಡಿದು ಕಂದಕದಿಂದ ಮಣ್ಣು ಎತ್ತುತ್ತಿದ್ದರು. ಒಬ್ಬ ಟೋಪಿ ತೆಗೆದು, "ಒಂದ್ಸಲಾನೂ ಗುರಿ ತಪ್ಪಲ್ಲ ಅಲ್ವಾ ನಿಮ್ದು? ಆ ಗ್ರಿಂಗೊ ಮೇಲೆ ನಮಗ್ಯಾರಿಗೂ ಅನುಮಾನಾನೇ ಇರ್ಲಿಲ್ಲ ನೋಡಿ" ಎಂದ. ಅವನ ಮೆಚ್ಚುಗೆಯಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. ನಿಕಾಸಿಯೊ ತಲೆಯಾಡಿಸಿದ. ಕೊನೆಗೆ ಕಾಲು ಅವನನ್ನು ಅಟ್ಟಣೆಯ ಕಂಬಕ್ಕೇ ಕರೆದುಕೊಂಡು ಹೋಯಿತು.

ಕಟ್ಟಿಹಾಕಿದ್ದ ಬತ್ತಿಸ್ತಾ ಅವನನ್ನು ಕಂಡು ನೆಟ್ಟಗೆ ನಿಲ್ಲಲು ನೋಡಿದ. "ನಾನೂ ಯೋಚ್ನೆ ಮಾಡ್ತಾನೇ ಇದೀನಿ, ದೋನ್ ನಿಕಾಸಿಯೊ. ನೆನ್ನೆ ಸಂಜೆ ಒಂದ್ ಗುಟುಕು ಜಿನ್ ಕುಡಿದಿದ್ದೆ, ಸುಳ್ಳು ಹೇಳಲ್ಲ. ಆಮೇಲೆ ಮಲ್ಕೊಂಡೆ. ನಿದ್ದೆಗಣ್ಣಲ್ಲಿ ಎದ್ದು ಹೋಗಿದ್ನಾ? ನಮ್ಮಮ್ಮ ಹೇಳ್ತಿದ್ಲು, ಚಿಕ್ಕವನಿದ್ದಾಗ ನಿದ್ದೇಲಿ ನಡೀತಿದ್ದೆ ಅಂತ."

"ಹೋಗಿರ್ಲಿಕ್ಕಿಲ್ಲ" ಎಂದ ನಿಕಾಸಿಯೊ.

"ಮತ್ತೆ ನೀವು ತೋರ್ಸಿದ್ರಲ್ಲ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಿಳಿಯದವನ ಗೊಂದಲವಿತ್ತು. "ನಿಮ್ಮ ಕಣ್ಣು ಸುಳ್ಳಾಡಲ್ಲ. ನಾನೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ. ಆದ್ರೆ ನಾನು ಏನಂತ ಬಾಯಿಬಿಡ್ಲಿ? ಗೊತ್ತಿದ್ರೆ ಬಿಡ್ತಿದ್ದೆ. ನೀವೇ ಸ್ವಲ್ಪ ಹೇಳಿಕೊಡಿ, ಗುಂಡು ತಪ್ಪೋ ಹಾಗೆ."

ನಿಕಾಸಿಯೊಗೆ ಅಲ್ಲಿ ನಿಲ್ಲಲಾಗಲಿಲ್ಲ. ಓಡಿದ ಎನ್ನುವಂತಿಲ್ಲ, ಓಡಿದರೆ ಹೆಜ್ಜೆಯ ನಡುವಿನ ಅಂತರ ಹೆಚ್ಚುತ್ತದೆ, ಮುಂಗಾಲು ಆಳಕ್ಕಿಳಿಯುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಅವನು ಬೇಗ ಬೇಗ ನಡೆದು ತನ್ನ ಗುಡಿಸಲಿಗೆ ಬಂದ. ಕೇಳಿಬಿಡಬೇಕು. ಯಾರವನು, ಎಷ್ಟು ದಿನದಿಂದ ಎಂದು ಕೇಳಬೇಕು. ಕೇಳಿದ ಮೇಲೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

ತೊಮಾಸಾ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸೋರೆಬುರುಡೆಗೆ, ಚಹಾದಂತೆ ಕುಡಿಯುವ ಮಾತೆ ಸೊಪ್ಪು ತುಂಬಿ ಬಿಸಿನೀರು ಬಿಡುತ್ತಿದ್ದಳು. "ಬಾ ಮುದ್ಕಾ. ಬೆಳಿಗ್ಗೆಯಿಂದ ಒಂದು ಗುಟುಕೂ ಇಳಿದಿಲ್ಲ ನಿನ್ನ ಗಂಟಲಲ್ಲಿ" ಎಂದು ಬುರುಡೆಯನ್ನು ಮುಂದೆ ಚಾಚಿದಳು. ಅವನು ದಿನದ ಅಭ್ಯಾಸದಂತೆ ಪಡುವಣದ ಗೋಡೆಗೆ ಬೆನ್ನು ಕೊಟ್ಟು ಕೂತ. ಹೊರಗೆ ಗಾಳಿ ಎದ್ದಿತ್ತು, ಪಾಂಪಾದ ಆ ಹಾಳು ಗಾಳಿ. ಬಾಗಿಲಿಗೆ ಕಟ್ಟಿದ ತೊಗಲು ಪಟಪಟ ಬಡಿದುಕೊಳ್ಳುತ್ತಿತ್ತು. ಒಲೆಯ ಉರಿ ಮಾತ್ರ ನೆಟ್ಟಗೆ ನಿಂತಿತ್ತು. ಬೂದಿ ಹಾರುತ್ತಿರಲಿಲ್ಲ. ಅವನು ಉರಿಯನ್ನು ನೋಡಿದ, ಬೂದಿಯನ್ನು ನೋಡಿದ, ಆಮೇಲೆ ಬಹಳ ನಿಧಾನವಾಗಿ ಹಿಂದಕ್ಕೆ ಕೈ ಚಾಚಿ ಗೋಡೆ ಮುಟ್ಟಿದ. ಹೋದ ಚಳಿಗಾಲದಿಂದ ಅಲ್ಲಿ ಒಂದು ಆಡು ನುಗ್ಗುವಷ್ಟು ಕಿಂಡಿಯಿತ್ತು. ನಾಳೆ ಮುಚ್ಚುತ್ತೇನೆ ಎಂದು ಅವನು ಹೇಳುತ್ತಲೇ ಇದ್ದ. ಈಗ ಕೈಗೆ ಸಿಕ್ಕಿದ್ದು ಒದ್ದೆ ಮಣ್ಣು, ಬೇರು, ಹುಲ್ಲು. ಹೆಂಟೆಗಳನ್ನು ಮಗುಚದೆ ಹುಲ್ಲು ಒಳಮುಖವಾಗಿ ಇಟ್ಟಿದ್ದಳು, ಕಸುಬು ಗೊತ್ತಿಲ್ಲದವರು ಇಡುವ ಹಾಗೆ. ಹುಲ್ಲು ಇನ್ನೂ ಹಸಿರಾಗಿತ್ತು.

"ಇದು..." ಎಂದ.

"ಅಬ್ಬಾ, ಕೊನೆಗೂ ಕಣ್ಣಿಗೆ ಬಿತ್ತಾ!" ತೊಮಾಸಾ ಜೋರಾಗಿ ನಕ್ಕಳು. "ಎಷ್ಟು ದಿನದಿಂದ ಅದಕ್ಕೇ ಒರಗಿ ಕೂತು ಮಾತೆ ಕುಡೀತಾ ಇದೀಯ ಗೊತ್ತಾ? ಆಚೆ ಮೊಲ ಕೆಮ್ಮಿದ್ರೂ ನಿಂಗೆ ಗೊತ್ತಾಗುತ್ತೆ. ಮನೇಲಿ ಗೋಡೆ ಎದ್ರೂ ಗೊತ್ತಾಗಲ್ಲ. ನೀನಾಗಿ ಕೇಳೋವರೆಗೂ ಹೇಳಬಾರ್ದು ಅಂತ ಪಣ ತೊಟ್ಟಿದ್ದೆ. ನಿನ್ನ ಸೊಂಟನೋವು ಕಮ್ಮಿಯಾಗಿಲ್ವಾ ಈಗ? ಯಾಕೆ ಅಂದ್ಕೊಂಡೆ?"

"ಎಲ್ಲಿಂದ ತಂದೆ?"

ಅವಳ ನಗು ಸ್ವಲ್ಪ ಕುಗ್ಗಿತು. "ಒಡ್ಡಿಂದ. ಬೇರೆ ಎಲ್ಲಿದೆ ಕೊಯ್ದಿಟ್ಟಿರೋ ಹೆಂಟೆ? ಹುಲ್ಲಿನ ಮರೇಲಿ ಒಂದು ಕಡೆ ಆಗ್ಲೇ ಸಡಿಲ ಆಗಿತ್ತು. ದಿನಾ ಸಂಜೆ ಕೊಂಬೆ ಎಳೆಯೋಕೆ ಮುಂಚೆ ಒಂದೊಂದು ತರ್ತಿದ್ದೆ. ನೆನ್ನೆ ಬಟ್ಟೆ ಒಗೆದು ತಡ ಆಯ್ತು, ಎಳೆದ್ಮೇಲೆ ಹೋದೆ. ಕೊನೇ ಹೆಂಟೆ ಅದು. ಎಂಥಾ ಭಾರ ಅಂತೀಯ, ಎದೆಗೆ ಅವುಚ್ಕೊಂಡು ಬಂದೆ." ಅವಳು ದನಿ ತಗ್ಗಿಸಿದಳು. "ಬೆಳಿಗ್ಗೆ ಅಲ್ಲೇ ಒಡೆದಿದೆ ಅಂದಾಗ ಎದೆ ಧಸಕ್ ಅಂತು ಕಣೋ. ಕೈಯಲ್ಲಿ ಇನ್ನೂ ಮಣ್ಣಿತ್ತು, ಮುಚ್ಕೊಂಡು ನಿಂತಿದ್ದೆ. ಆಮೇಲೆ ನೀನು ಗ್ರಿಂಗೊನ ತೋರಿಸ್ದೆ, ಆಗ ಜೀವ ಬಂತು. ನಾನು ನಾಲ್ಕು ಹೆಂಟೆ ತಂದ್ರೆ ಗೋಡೆ ಬೀಳುತ್ತಾ, ಬಾಕಿದ್ದೆಲ್ಲ ಅವನೇ ಕಿತ್ತಿರ್ಬೇಕು ಅಂದ್ಕೊಂಡೆ. ಪಾಪ, ಒಳ್ಳೇವನ ಥರ ಇದ್ದ. ಆದ್ರೆ ನೀನು ತೋರಿಸಿದ್ಮೇಲೆ ಸುಳ್ಳಾಗುತ್ತಾ?"

ಬುರುಡೆ ಅವನ ಕೈಯಲ್ಲಿ ತಣ್ಣಗಾಗುತ್ತಿತ್ತು. ಬೆಳಗಿನಿಂದ ಅವನು ತಲೆಯೊಳಗೆ ಕಟ್ಟಿದ್ದ ಕುದುರೆ, ಕಹಳೆ, ಬೆಳ್ಳಿ, ಎಲ್ಲವೂ ಒಂದೊಂದಾಗಿ ಉದುರಿ, ಅಲ್ಲಿ ಒಬ್ಬ ಹೆಂಗಸು ಗಂಡನ ಸೊಂಟಕ್ಕೆ ಗಾಳಿ ಹೊಡೆಯಬಾರದೆಂದು ಮಣ್ಣಿನ ಹೆಂಟೆಯೊಂದನ್ನು ಎದೆಗವುಚಿಕೊಂಡು ಬರುತ್ತಿದ್ದಳು. ಅವನಿಗೆ ಅಳು ಬಂತು. ನೆಮ್ಮದಿಯ ಅಳು ಅದು, ಅದಕ್ಕೇ ಇನ್ನೂ ಹೇಸಿಗೆಯೆನಿಸಿತು. ಅಟ್ಟಣೆಯ ಕಂಬದಲ್ಲಿ ಒಬ್ಬನು ತಾನು ನಿದ್ದೆಯಲ್ಲಿ ನಡೆದೆನೇನೋ ಎಂದು ನೆನಪು ಮಾಡಿಕೊಳ್ಳುತ್ತಿದ್ದ. ಅವನು ಬುರುಡೆ ಕೆಳಗಿಟ್ಟು ಎದ್ದ. "ಎಲ್ಲಿಗೆ? ಕುಡಿದಾದ್ರೂ ಹೋಗು" ಎಂದು ಅವಳು ಕೂಗುತ್ತಿದ್ದಂತೆ ತೊಗಲು ಸರಿಸಿ ಹೊರಗೆ ಬಂದ.

ಬಾರುಗಳನ್ನು ತೊಟ್ಟಿಯಿಂದ ಎತ್ತುತ್ತಿದ್ದರು. ಗೂಟ ಹೊಡೆದಾಗಿತ್ತು. ಲೆಫ್ಟಿನೆಂಟರ ಎದುರು ನಿಂತಾಗ ಅವನಿಗೆ ಗದ್ದವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನಾನು ಗ್ರಿಂಗೊನ ತೋರಿಸ್ಲಿಲ್ಲ, ಸಾಹೇಬ್ರೇ. ಹದ್ದು ನೋಡ್ದೆ."

"ಏನು?"

"ಅಟ್ಟಣೆ ಮೇಲೆ ಹದ್ದು ಕೂತಿತ್ತು. ಹೆಂಟೆ ಕಿತ್ತಿದ್ದು ನಾನು. ನಮ್ಮ ಗುಡಿಸಲ ಗೋಡೆ ಬಿದ್ದಿತ್ತು, ಅದಕ್ಕೆ. ಬೇಕಾದ್ರೆ ಬಂದು ನೋಡಿ. ಆ ಕಡೆಯವ್ರ ಜೊತೆ ಯಾರ ವ್ಯಾಪಾರಾನೂ ಇಲ್ಲ. ಅವ್ರಿಗೆ ಟೊಳ್ಳು ಜಾಗ ಸಿಕ್ತು, ನುಗ್ಗಿದ್ರು."

ಲೆಫ್ಟಿನೆಂಟ್ ತಾವೇ ಹೋಗಿ ಗುಡಿಸಲೊಳಗೆ ಇಣುಕಿ ಬಂದರು. ಬಂದಾಗ ಅವರ ಮುಖ ಕೆಂಪಾಗಿತ್ತು. "ಇವನ ಬೆನ್ನಿಗೆ ಗಾಳಿ ಹೊಡೀತಂತೆ! ಅದಕ್ಕೆ ಗಣರಾಜ್ಯದ ಕೋಟೆ ಕಿತ್ತು ಮನೆ ಕಟ್ಕೊಂಡ್ನಂತೆ! ನನ್ನ ಕುದುರೆ ಎಲ್ಲ ಹೋದ್ಮೇಲೆ ಬಂದು ಹದ್ದು ನೋಡ್ದೆ ಅಂತಾನೆ! ಮುಖ್ಯಸ್ಥರಿಗೆ ನಾನು ಇದನ್ನ ಹೇಳ್ಬೇಕಾ? ಬಿಚ್ರೋ ಆ ಗ್ರಿಂಗೊನ. ಇವನನ್ನ ಹಾಕಿ. ಆ ಹೆಂಟೆಗಳನ್ನೂ ಕಿತ್ತು ಒಡ್ಡಿಗೆ ವಾಪಸ್ ಹಾಕಿ, ಈಗಲೇ."

ಓಯೋಲಾ ಬಾರು ಬಿಗಿಯುವಾಗ ಮುಖ ನೋಡಲಿಲ್ಲ. ಸುತ್ತ ನಿಂತವರಲ್ಲಿ ಯಾರೋ ಮೆಲ್ಲಗೆ, "ಹಾಗಾದ್ರೆ ಹೋದ ವರ್ಷ ಉಪ್ಪುಕೊಳದ ಹತ್ರ ಒಬ್ಬನನ್ನ ತೋರಿಸಿದ್ನಲ್ಲ, ಆಗ ಏನು ನೋಡಿದ್ನೋ" ಎಂದರು. ಯಾರೂ ನಗಲಿಲ್ಲ. ನಿಕಾಸಿಯೊ ಆ ಮನುಷ್ಯನ ಹೆಜ್ಜೆಯನ್ನು ನೆನೆಸಿಕೊಳ್ಳಲು ನೋಡಿದ. ಅದು ಸ್ಪಷ್ಟವಾಗಿತ್ತು, ಅವನದೇ ಆಗಿತ್ತು ಎಂದು ಈ ಕ್ಷಣದವರೆಗೂ ಅವನು ಪ್ರಮಾಣ ಮಾಡಿ ಹೇಳುತ್ತಿದ್ದ. ಈಗ ಆ ಹೆಜ್ಜೆಯೂ ಅಂಚು ಕಳೆದುಕೊಳ್ಳತೊಡಗಿತು. ಬಿಡಿಸಿಕೊಂಡ ಬತ್ತಿಸ್ತಾ ಮಣಿಕಟ್ಟು ಉಜ್ಜಿಕೊಳ್ಳುತ್ತ ಬಂದು ನಾಲ್ಕೂ ಗೂಟಗಳನ್ನು ಒಂದೊಂದಾಗಿ ನೋಡಿ ಹೋದ. ಅವನೇ ಗುದ್ದಲಿ ಹಿಡಿದು ಗುಡಿಸಲಿನಿಂದ ಹೆಂಟೆಗಳನ್ನು ಹೊರುವವರ ಜೊತೆ ಸೇರಿಕೊಂಡದ್ದು ಕಾಣಿಸಿತು.

ತೊಮಾಸಾ ಬಂದದ್ದು ಆಮೇಲೆ. ಹತ್ತಿರ ಬಿಡುವುದಿಲ್ಲವೆಂದ ಸಿಪಾಯಿಯನ್ನು ತಳ್ಳಿ, ಸೂರ್ಯನಿಗೆ ಬೆನ್ನು ಮಾಡಿ, ತನ್ನ ನೆರಳು ಸರಿಯಾಗಿ ಅವನ ಮುಖದ ಮೇಲೆ ಬೀಳುವಂತೆ ನಿಂತಳು. ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. "ದಡ್ಡ ಮುದ್ಕಾ! ನೀನು ಯಾಕೆ ಹೇಳ್ದೆ? ನಾನು ಹೇಳ್ತಿದ್ನಲ್ಲ. ನೀನು ಒಂದು ಮಾತು ಕೇಳಿದ್ರೆ ನಾನೇ ಹೋಗಿ ಅವ್ರ ಕಾಲು ಹಿಡೀತಿದ್ನಲ್ಲ."

"ಸುಮ್ನಿರು. ಕೇಳ್ಸುತ್ತೆ" ಎಂದ ಅವನು. ಬಾರು ಒಣಗಲು ತೊಡಗಿತ್ತು. ಹೆಗಲ ಸಂದಿನಲ್ಲಿ ಯಾರೋ ನಿಧಾನವಾಗಿ ಬೆರಳು ಹಾಕಿ ಅಗಲಿಸುತ್ತಿರುವಂತಿತ್ತು. ಆದರೂ ಬೆಳಗಿನಿಂದ ಇರದ ಒಂದು ಸಮಾಧಾನವೂ ಇತ್ತು. ಅವಳ ನೆರಳು ತಂಪಾಗಿತ್ತು. ಅವಳು ತನ್ನ ಶಾಲಿನಿಂದ ಅವನ ಹಣೆ ಒರೆಸಿದಳು, ತುಟಿಗೆ ನೀರು ಮುಟ್ಟಿಸಿದಳು, ಹಾಗೆ ಮುಟ್ಟಿಸುತ್ತಿದ್ದ ಕೈ ನಿಂತಿತು.

"ಬೆಳ್ಬೆಳಿಗ್ಗೆ ನೀನು ಒಡ್ಡಿನ ಹತ್ರ ಹೋಗಿದ್ದೆ" ಎಂದಳು ನಿಧಾನವಾಗಿ. "ನೆನ್ನೆ ಕೊಂಬೆ ಎಳೆದಾದ್ಮೇಲೆ ನಾನು ಅಲ್ಲಿ ನಡೆದಿದ್ದೆ. ನನ್ನ ಹೆಜ್ಜೆ ಅಲ್ಲಿರ್ಲೇಬೇಕು. ನೀನು ಮಾಡಿಕೊಟ್ಟ ಚಪ್ಪಲಿ. ನಿನ್ನ ಕಣ್ಣಿಗೆ ಬೀಳ್ದೆ ಇರುತ್ತಾ?"

ಅವನು ಮುಖವನ್ನು ಪಕ್ಕಕ್ಕೆ ಹೊರಳಿಸಿದ.

"ಗೊತ್ತಿತ್ತು ನಿಂಗೆ. ಆಗ್ಲೇ ಗೊತ್ತಿತ್ತು. ಅದಕ್ಕೇ ಅಲ್ವಾ ಅಂಗಳದಲ್ಲಿ ನನ್ನ ಕಡೆ ನೋಡ್ಲೇ ಇಲ್ಲ ನೀನು." ಅವಳ ದನಿಯಲ್ಲಿದ್ದ ಅಳು ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಗೋಡೆ ವಿಷ್ಯ ನಿಂಗೆ ಗೊತ್ತಿರ್ಲಿಲ್ಲ. ಈಗ ತಾನೇ ಕೈ ಹಾಕಿ ನೋಡಿದ್ದು ನಾನೇ ಕಂಡೆನಲ್ಲ. ಬೆಳಿಗ್ಗೆಯಿಂದ ಅಲ್ಲೀವರೆಗೂ ನನ್ನ ಹೆಜ್ಜೆ ತಲೇಲಿ ಇಟ್ಕೊಂಡು ತಿರುಗ್ತಿದ್ದೆ, ಮನೆಗೆ ಬಂದು ಒಂದು ಮಾತು ಕೇಳ್ಲಿಲ್ಲ. ಯಾಕೆ ಕೇಳ್ಲಿಲ್ಲ? ನಾನು ಅಲ್ಲಿಗೆ ಯಾತಕ್ಕೆ ಹೋಗಿದ್ದೆ ಅಂದ್ಕೊಂಡಿದ್ದೆ ನೀನು?"

ಏನಾದರೂ ಹೇಳಬಹುದಿತ್ತು. ನೀನು ಹೆಂಟೆಗೇ ಹೋಗಿದ್ದೆ ಅಂದುಕೊಂಡೆ ಎನ್ನಬಹುದಿತ್ತು. ಒಂದು ಸುಳ್ಳು ಆಗಲೇ ಹೇಳಿಯಾಗಿತ್ತು, ಇನ್ನೊಂದಕ್ಕೆ ನಾಲಿಗೆ ತಿರುಗಲಿಲ್ಲ. ಅವಳು ಬಗ್ಗಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಅವನಿಗೆ ಕೈಯಿಂದ ಮುಖ ಮುಚ್ಚಿಕೊಳ್ಳಲು ಆಗುವಂತಿರಲಿಲ್ಲ.

"ಲೂಸೆರೊಗೋಸ್ಕರ ಅಂತಾನಾ?" ಎಂದಳು.

ಅವನು ಕಣ್ಣು ಮುಚ್ಚಿಕೊಂಡ.

ತೊಮಾಸಾ ನೀರಿನ ಲೋಟವನ್ನು ಅವನ ತಲೆಯ ಪಕ್ಕದಲ್ಲಿ, ಅವನ ಕೈಗೆ ನಿಲುಕದ ಕಡೆ, ಚೆಲ್ಲದ ಹಾಗೆ ಇಟ್ಟಳು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಬಿಸಿಲು ನೇರ ಅವನ ಮುಖಕ್ಕೆ ಬಿತ್ತು.